ಲೋಟ ಬಿದ್ದಾಗ ಮಾತ್ರ ತಲೆ ಎತ್ತುವ ಅಪ್ಪ

ಟಣ್!

ಇದು ನಮ್ಮ ಮನೆಯ ಅಲಾರಂ. ಬೆಳಗ್ಗೆ ಎಂಟಕ್ಕೆ ರಾಗಿ ಸರಿಯ ಬಟ್ಟಲು, ಹತ್ತಕ್ಕೆ ಚಮಚ, ಹನ್ನೊಂದೂವರೆಗೆ ನನ್ನ ಕಾಲ್ ನಡೀತಿರುವಾಗ ಸ್ಟೀಲ್ ಲೋಟ, ಮಧ್ಯಾಹ್ನ ಟಿವಿ ರಿಮೋಟ್, ಸಂಜೆ ಅಜ್ಜಿಯ ಕನ್ನಡಕ. ರಾತ್ರಿ ಊಟದ ಹೊತ್ತಿಗೆ ಮತ್ತೆ ಅದೇ ಬಟ್ಟಲು. ನಮ್ಮ ಪುಟ್ಟಿಗೆ ಈಗ 17 ತಿಂಗಳು. ಮೊದಲೆಲ್ಲ ಕೈಗೆ ಸಿಕ್ಕಿದ್ದು ಬಾಯಿಗೆ ಹೋಗ್ತಿತ್ತು. ಈಗ ನೆಲಕ್ಕೆ ಹೋಗುತ್ತೆ.

ಕಳೆದ ಬಾರಿ ಮಗುವಿನ ನಿದ್ದೆ ಬಗ್ಗೆ ಬರೆದಾಗ ನಿಮ್ಮಲ್ಲಿ ಹಲವರು "ನಿದ್ದೆ ಹೇಗೋ ಆಗುತ್ತೆ, ಈ ಎಸೆಯೋ ಚಾಳಿಗೆ ಏನ್ ಮಾಡೋದು ಹೇಳಿ" ಅಂತ ಕೇಳಿದ್ರಿ. ಉತ್ತರ ಗೊತ್ತಿದ್ದವನ ಹಾಗೆ ಬರೆಯೋ ಯೋಗ್ಯತೆ ನನಗಿಲ್ಲ. ಒಂದು ತಪ್ಪು ಮಾಡಿ, ಅದನ್ನು ಸರಿ ಮಾಡಿಕೊಳ್ಳೋಕೆ ಒದ್ದಾಡಿದ ಕಥೆ ಇದು.

ನಾವಿರೋದು ಬೆಂಗಳೂರಿನಲ್ಲಿ, ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ. ಕೆಳಗೆ ಓನರ್ ಆಂಟಿ, ಅಂಕಲ್. ಅಂಕಲ್‌ಗೆ ಬೈಪಾಸ್ ಆಗಿದೆ, ಮಧ್ಯಾಹ್ನ ಎರಡರಿಂದ ನಾಲ್ಕು ಮಲಗಲೇಬೇಕು. ನನ್ನ ಹೆಂಡತಿ ಬ್ಯಾಂಕಿನಲ್ಲಿದ್ದಾಳೆ, ಬೆಳಗ್ಗೆ ಒಂಬತ್ತಕ್ಕೆ ಹೊರಟರೆ ಬರೋದು ಸಂಜೆ ಆರೂವರೆಗೆ. ನನಗೆ ವಾರದಲ್ಲಿ ಎರಡು ದಿನ ಆಫೀಸು, ಮೂರು ದಿನ ಮನೆಯಿಂದಲೇ ಕೆಲಸ. ಪುಟ್ಟಿಯನ್ನು ನೋಡಿಕೊಳ್ಳಲು ಅಮ್ಮ ತಿಪಟೂರಿನ ಹತ್ತಿರದ ನಮ್ಮ ಊರಿಂದ ಬಂದಿದ್ದಾಳೆ.

ಮೊದಮೊದಲು ಎಸೆಯೋದು ತಮಾಷೆಯಾಗಿತ್ತು. ಪುಟ್ಟಿ ಚಮಚ ಬೀಳಿಸಿದರೆ ನಾನು "ಅಯ್ಯೋ, ಬಿತ್ತಾ?" ಅಂತ ಎತ್ತಿಕೊಡ್ತಿದ್ದೆ. ಅವಳು ಕಿಲಕಿಲ ನಕ್ಕು ಮತ್ತೆ ಬೀಳಿಸ್ತಿದ್ದಳು. ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೂ ನಾನೇ. ಒಂದೂವರೆ ತಿಂಗಳಲ್ಲಿ ಚಮಚ ಹೋಗಿ ಲೋಟ ಬಂತು, ಬೀಳಿಸೋದು ಹೋಗಿ ಬೀಸೋದು ಬಂತು. ಕೆಳಗಿನ ಆಂಟಿಯಿಂದ ವಾಟ್ಸಾಪ್‌ನಲ್ಲಿ ಮೆಸೇಜ್ ಬಂತು: "ಅಂಕಲ್ ನಿದ್ದೆ ಆಗ್ತಿಲ್ಲಪ್ಪ, ಸ್ವಲ್ಪ ನೋಡ್ಕೊಳ್ಳಿ." ಡಿಸೆಂಬರ್‌ಗೆ ಅಗ್ರಿಮೆಂಟ್ ಮುಗಿಯುತ್ತೆ ಅನ್ನೋದು ತಕ್ಷಣ ನೆನಪಾಯ್ತು.

ಎಲ್ಲರ ಹಾಗೆ ನಾವೂ ಆನ್‌ಲೈನ್‌ನಲ್ಲಿ ಪರಿಹಾರ ಕೊಂಡೆವು. ಟೇಬಲ್‌ಗೆ ಗಟ್ಟಿಯಾಗಿ ಅಂಟಿಕೊಳ್ಳೋ ಸಿಲಿಕಾನ್ ಬಟ್ಟಲು. ಮೂರನೇ ದಿನ ಪುಟ್ಟಿ ಅದರ ಅಂಚು ಎತ್ತಿ ಗಾಳಿ ಬಿಡಿಸೋದು ಕಲಿತಳು. ನಾಲ್ಕನೇ ದಿನ ಅದೂ ನೆಲಕ್ಕೆ.

ಒಂದು ಏಟು

ಆ ಬುಧವಾರ ಒಂದು ರಿಲೀಸ್ ಇತ್ತು. ಬೆಳಗ್ಗೆಯಿಂದ ಕಾಲ್ ಮೇಲೆ ಕಾಲ್. ಅಮ್ಮ ಹಾಲ್‌ನಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಪುಟ್ಟಿ ನನ್ನ ಪ್ಯಾಂಟ್ ಜಗ್ಗಿದಳು. "ಎರಡು ನಿಮಿಷ ಪುಟ್ಟಿ" ಅಂದೆ. ಮತ್ತೆ ಜಗ್ಗಿದಳು. "ಎರಡು ನಿಮಿಷ." ಆಮೇಲೆ ಟಣ್ ಅಂತ ಸದ್ದಾಯ್ತು. ಅದರ ಜೊತೆ "ಅಮ್ಮಾ..." ಅಂತ ಅಮ್ಮನ ದನಿ.

ಲೋಟದ ಅಂಚು ಅಮ್ಮನ ಹುಬ್ಬಿನ ಮೇಲೆ ತಾಗಿತ್ತು. ಸಣ್ಣದಾಗಿ ರಕ್ತ ಬಂದಿತ್ತು. ಅರ್ಧ ಇಂಚು ಕೆಳಗೆ ಬಿದ್ದಿದ್ದರೆ ಕಣ್ಣು.

ನಾನು ಎದ್ದು ಹೋಗಿ ಪುಟ್ಟಿಯ ಕೈ ಮೇಲೆ ಹೊಡೆದೆ. ಜೋರಾಗಿಯೇ ಹೊಡೆದೆ.

ಅವಳು ತಕ್ಷಣ ಅಳಲಿಲ್ಲ. ಮೊದಲು ತನ್ನ ಕೈ ನೋಡಿಕೊಂಡಳು, ಆಮೇಲೆ ನನ್ನ ಕೈ ನೋಡಿದಳು. ಕೊನೆಗೆ ತುಟಿ ಅದುರಿತು. ಅಮ್ಮ ಹುಬ್ಬಿಗೆ ಸೆರಗು ಒತ್ತಿಕೊಂಡೇ ಅವಳನ್ನು ಎತ್ತಿಕೊಂಡಳು. ಲ್ಯಾಪ್‌ಟಾಪ್‌ನಲ್ಲಿ ಯಾರೋ ನನ್ನ ಹೆಸರು ಕರೆಯುತ್ತಿದ್ದರು.

ಮಾರನೇ ದಿನ ಸಂಜೆ ಹೆಂಡತಿ ನನ್ನನ್ನು ರೂಮಿನ ಬಾಗಿಲಿಗೆ ಕರೆದು "ಇಲ್ನೋಡು" ಅಂದಳು. ಪುಟ್ಟಿ ಗೊಂಬೆಯನ್ನು ಕೂರಿಸಿಕೊಂಡು ಅದರ ಕೈ ಮೇಲೆ ಪಟ್ ಅಂತ ಹೊಡೆದು "ಏಯ್!" ಅನ್ನುತ್ತಿದ್ದಳು. ಅವಳಿಗೆ ಬರೋದೇ ಎಂಟು ಹತ್ತು ಪದ. ಅದರಲ್ಲಿ ಒಂದು ನನ್ನದೇ ದನಿಯಲ್ಲಿತ್ತು.

"ಇದನ್ನ ಎಲ್ಲಿ ಕಲಿತ್ಲು?" ಅಂತ ಹೆಂಡತಿ ಕೇಳಿದಳು. ಅಮ್ಮ ಸುಮ್ಮನಿದ್ದಳು. ನಾನೇ ಹೇಳಿದೆ. ಆ ರಾತ್ರಿ ಮನೆಯಲ್ಲಿ ಹೆಚ್ಚು ಮಾತಿರಲಿಲ್ಲ.

ಹಿತ್ತಾಳೆ ಚೊಂಬಿನ ಕಥೆ

ಅಮ್ಮ ಮಾತ್ರ ನನ್ನ ಪರ. "ಅದಕ್ಯಾಕೆ ಇಷ್ಟು ಕೊರಗ್ತೀಯ? ಒಂದೇಟು ಬಿದ್ರೆ ಮಕ್ಕಳು ಸರಿಹೋಗ್ತಾರೆ. ನಿಂಗೂ ಹೊಡೆದಿದ್ದೆ. ಈಗ ಚೆನ್ನಾಗಿಲ್ವಾ ನೀನು?"

"ನಂಗೆ ಯಾಕೆ ಹೊಡೆದಿದ್ದೆ?"

"ಇದಕ್ಕೇ ಮತ್ತೆ. ಹಿತ್ತಾಳೆ ಚೊಂಬು ತಗೊಂಡೋಗಿ ಬಾವಿಗೆ ಎಸೆದಿದ್ದೆ. ನಮ್ಮತ್ತೆ ಚೊಂಬು ಕಣೋ ಅದು."

"ಹೊಡೆದ ಮೇಲೆ ಎಸೆಯೋದು ಬಿಟ್ನಾ?"

ಅಮ್ಮ ಸ್ವಲ್ಪ ಯೋಚನೆ ಮಾಡಿ ನಕ್ಕಳು. "ಎಲ್ಲಿ ಬಿಟ್ಟೆ? ಮಾರನೇ ದಿನ ಒಗ್ಗರಣೆ ಸೌಟು ಎಸೆದೆ."

"ಮತ್ತೆ ಹೇಗೆ ನಿಂತ್ತು?"

"ನಿಮ್ಮ ತಾತ ದಿನಾ ಸಂಜೆ ನಿನ್ನ ಹೆಗಲ ಮೇಲೆ ಕೂರಿಸ್ಕೊಂಡು ಕೆರೆ ಏರಿಗೆ ಹೋಗೋರು. ಅಲ್ಲಿ ಕೂತು ಕೆರೆಗೆ ಕಲ್ಲು ಎಸೀತಿದ್ದೆ. ಒಂದ್ ಗಂಟೆ ಎಸೆದು ಬಂದ್ರೆ ಉಂಡು ಮಲಗ್ತಿದ್ದೆ."

ಎಸೆಯೋದನ್ನು ನನಗೆ ಯಾರೂ ಬಿಡಿಸಿರಲಿಲ್ಲ. ಎಸೆಯೋಕೆ ಒಂದು ಜಾಗ ಸಿಕ್ಕಿತ್ತು, ಪಕ್ಕದಲ್ಲಿ ಕೂರೋಕೆ ಒಬ್ಬರು ಸಿಕ್ಕಿದ್ದರು, ಅಷ್ಟೇ. ಆಮೇಲೆ ದೊಡ್ಡವನಾದ ಮೇಲೆ ಲಗೋರಿ ಆಡಿದೆವಲ್ಲ, ಅಲ್ಲಿಯೂ ಎಸೆಯೋದೇ ಆಟ. ಎಲ್ಲಿಗೆ ಎಸೆಯಬೇಕು ಅನ್ನೋದನ್ನು ಕಲಿತವನೇ ಗೆಲ್ಲೋನು. ನನ್ನ ಮಗಳಿಗೆ ಕೆರೆ ಇಲ್ಲ, ಏರಿ ಇಲ್ಲ. ಇರೋದು ಟೈಲ್ಸ್ ಹಾಕಿದ ನೆಲ. ಅದರ ಕೆಳಗೆ ಮಲಗಿರೋ ಅಂಕಲ್.

ಎಸೆಯೋದು ಕೂಡ ಕಲಿಕೆಯೇ

ಸ್ವಲ್ಪ ಓದಿದೆ. ಹುಟ್ಟಿದ ಮಗು ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿಯುತ್ತೆ, ಅದು ಅದರ ಇಚ್ಛೆಯಿಂದ ಆಗೋದಲ್ಲ. ಬೇಕು ಅಂತಲೇ ಬೆರಳು ಬಿಡಿಸಿ ವಸ್ತುವನ್ನು ಬಿಡೋದನ್ನು ಮಗು ಕಲಿಯೋದು ಒಂದು ವರ್ಷ ತುಂಬುವ ಆಸುಪಾಸಿನಲ್ಲಿ. ಅಂದರೆ ಹಿಡಿಯೋದಕ್ಕಿಂತ ಬಿಡೋದು ಕಷ್ಟದ ವಿದ್ಯೆ. ಹೊಸದಾಗಿ ಬೈಕ್ ಕಲಿತವನು ಹಾಲಿನ ಪ್ಯಾಕೆಟ್ ತರೋಕೂ ಬೈಕ್ ತೆಗೀತಾನಲ್ಲ, ಹಾಗೆ ಹೊಸ ವಿದ್ಯೆಯನ್ನು ಮಗು ಎಲ್ಲದರ ಮೇಲೂ ಪ್ರಯೋಗಿಸುತ್ತೆ.

ಬಿ.ಎಡ್ ಓದಿದವರಿಗೆ ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಹೆಸರು ಗೊತ್ತಿರುತ್ತೆ. ಅವರು ತಮ್ಮ ಮೂರು ಮಕ್ಕಳನ್ನೇ ದಿನದಿನ ಗಮನಿಸಿ ಬರೆದುಕೊಳ್ಳುತ್ತಿದ್ದರು. 1936ರಲ್ಲಿ ಬಂದ ಅವರ ಫ್ರೆಂಚ್ ಪುಸ್ತಕದಲ್ಲಿ, ಹತ್ತು ತಿಂಗಳ ಮಗ ಮಲಗಿದ ಕಡೆಯಿಂದಲೇ ಒಂದಾದ ಮೇಲೊಂದು ವಸ್ತು ಬೀಳಿಸಿದ್ದರ ವಿವರ ಇದೆ. ಆ ಮಗು ಪ್ರತಿ ಸಲ ಕೈಯ ದಿಕ್ಕು ಬದಲಾಯಿಸಿ, ವಸ್ತು ಎಲ್ಲಿ ಬೀಳುತ್ತೆ ಅಂತ ನೋಡುತ್ತಿತ್ತಂತೆ. ನಮ್ಮ ಟೀಮ್‌ನಲ್ಲಿ ಟೆಸ್ಟರ್ ಇದನ್ನೇ ಮಾಡಿದರೆ ಅಪ್ರೈಸಲ್‌ನಲ್ಲಿ ಹೊಗಳುತ್ತೀವಿ. ಒಂದೊಂದೇ ಇನ್‌ಪುಟ್ ಬದಲಾಯಿಸು, ಏನಾಗುತ್ತೆ ನೋಡು. ಮನೆಯಲ್ಲಿ ಮಗು ಮಾಡಿದರೆ ಹಟಮಾರಿ ಅಂತೀವಿ.

ಹೊಡೆಯೋ ವಿಷಯಕ್ಕೂ ಉತ್ತರ ಸಿಕ್ಕಿತು. ಅಮೆರಿಕದ ಮಕ್ಕಳ ವೈದ್ಯರ ಸಂಘ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ: ಶಿಸ್ತಿನ ಹೆಸರಲ್ಲಿ ಹೊಡೆಯೋದಾಗಲಿ, ಕೂಗಾಡಿ ಅವಮಾನ ಮಾಡೋದಾಗಲಿ ಬೇಡ, ಅದರಿಂದ ಮಕ್ಕಳಲ್ಲಿ ಹೊಡೆದಾಟದ ಸ್ವಭಾವ ಹೆಚ್ಚುತ್ತೆ. ಇದಕ್ಕೆ ಅಧ್ಯಯನ ಓದಬೇಕಾದ ಅಗತ್ಯವೇ ನನಗಿರಲಿಲ್ಲ. ಗೊಂಬೆಯ ಕೈ ಕಣ್ಣ ಮುಂದೆಯೇ ಇತ್ತು.

ಮೂರು ದಿನದ ಲಾಗ್

ನಮ್ಮ ಕೆಲಸದಲ್ಲಿ ಏನಾದರೂ ಕೆಟ್ಟರೆ ಮೊದಲು ಯಾರನ್ನೂ ಬೈಯಬಾರದು, ಲಾಗ್ ನೋಡಬೇಕು. ಹಾಗಾಗಿ ಮೊಬೈಲ್‌ನಲ್ಲಿ ಬರೆದುಕೊಳ್ಳೋಕೆ ಶುರು ಮಾಡಿದೆ. ಎಷ್ಟು ಹೊತ್ತಿಗೆ ಎಸೆದಳು, ಏನು ಎಸೆದಳು, ಅದಕ್ಕೂ ಒಂದು ನಿಮಿಷ ಮುಂಚೆ ಏನು ನಡೀತಿತ್ತು, ಎಸೆದ ಮೇಲೆ ಏನಾಯ್ತು. ಮೂರು ದಿನದಲ್ಲಿ 46 ಸಲ. ನಾನು ಬರೆದುಕೊಳ್ಳೋದನ್ನು ನೋಡಿ ಅಮ್ಮ "ಬರ್ಕೊಳೋ ಬದ್ಲು ಮಗೂನ ಎತ್ಕೋಬಾರ್ದಾ?" ಅಂದಳು. ಕೊನೆಗೆ ಲಾಗ್ ಹೇಳಿದ್ದೂ ಅದನ್ನೇ.

46ರಲ್ಲಿ 19 ಊಟದ ಹೊತ್ತಲ್ಲಿ. ಅದರಲ್ಲೂ ಹೆಚ್ಚಿನವು ಊಟದ ಕೊನೆಯಲ್ಲಿ, ಹೊಟ್ಟೆ ತುಂಬಿದ ಮೇಲೆ ನಾವು "ಇನ್ನೊಂದೇ ಒಂದು ತುತ್ತು" ಅನ್ನುವಾಗ. ಅವಳಿಗೆ "ಸಾಕು" ಅನ್ನೋಕೆ ಇನ್ನೂ ಬರಲ್ಲ. ಬಟ್ಟಲು ಅದನ್ನು ಹೇಳುತ್ತಿತ್ತು.

ಹತ್ತು ಸಲ ಬರೀ ಆಟ. ಬ್ಲಾಕ್ ಎಸೆದು ಉರುಳೋದನ್ನು ನೋಡೋದು.

ಉಳಿದ 17 ಸಲ ನಾನು ಕಾಲ್‌ನಲ್ಲಿದ್ದೆ, ಇಲ್ಲಾ ಮೊಬೈಲ್ ನೋಡುತ್ತಿದ್ದೆ. ಅದಕ್ಕೆ ಮುಂಚಿನ ನಿಮಿಷದಲ್ಲಿ ನಾನೇ ಬರೆದುಕೊಂಡಿದ್ದು ಹೀಗಿತ್ತು: "ಪುಸ್ತಕ ತಂದಳು." "ಪ್ಯಾಂಟ್ ಜಗ್ಗಿದಳು." "ಅಪ್ಪಾ ಅಂದಳು, ಎರಡು ನಿಮಿಷ ಅಂದೆ." "ಮಂಡಿ ಮೇಲೆ ತಲೆ ಇಟ್ಟಳು." ಎಸೆದ ನಂತರದ ಕಾಲಂನಲ್ಲಿ 16 ಸಲ ಒಂದೇ ಸಾಲು: "ನಾನು ಎದ್ದು ಹೋದೆ."

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಪುಸ್ತಕ ತಂದರೆ ಅಪ್ಪ ಬರಲ್ಲ. ಕರೆದರೆ ಬರಲ್ಲ. ತಲೆ ಇಟ್ಟರೂ ಬರಲ್ಲ. ಲೋಟ ಎಸೆದರೆ ಎರಡು ಸೆಕೆಂಡಲ್ಲಿ ಬರುತ್ತಾನೆ. ಸಿಟ್ಟಿನಲ್ಲಿ ಬಂದರೂ ಬಂದಂತೆಯೇ. ಆ ಬುಧವಾರ ಅವಳು ಅಜ್ಜಿಗೆ ಗುರಿಯಿಟ್ಟು ಎಸೆದಿರಲಿಲ್ಲ. ನನ್ನನ್ನು ಕರೆದಿದ್ದಳು. ಹಾಗೆ ಕರೆಯೋದನ್ನು ದಿನಕ್ಕೆ ಐದಾರು ಸಲ ಕಲಿಸಿದ್ದು ನಾನೇ, ಕಲಿತಿದ್ದಕ್ಕೆ ಹೊಡೆದವನೂ ನಾನೇ.

ನಾವು ಬದಲಾಯಿಸಿದ್ದು

ಮೊದಲನೆಯದು, ಎಸೆಯೋಕೆ ಮುಂಚಿನ ಕರೆಗೆ ಉತ್ತರ ಕೊಡೋದು. ಪ್ಯಾಂಟ್ ಜಗ್ಗಿದರೆ ಮ್ಯೂಟ್ ಮಾಡಿ, ಬಗ್ಗಿ, ಅವಳ ಕಣ್ಣು ನೋಡಿ "ಏನು ಪುಟ್ಟಿ?" ಅಂತೀನಿ. ಹೆಚ್ಚು ಅಂದರೆ ಇಪ್ಪತ್ತು ಸೆಕೆಂಡು. ಬಹಳಷ್ಟು ಸಲ ಅವಳಿಗೆ ಅಷ್ಟೇ ಸಾಕು, ತೋರಿಸಬೇಕಾದ್ದನ್ನು ತೋರಿಸಿ ಹೋಗುತ್ತಾಳೆ. ದೊಡ್ಡ ಕಾಲ್ ಇದ್ದರೆ ಅದಕ್ಕೂ ಮುಂಚೆ ಹತ್ತು ನಿಮಿಷ ಲ್ಯಾಪ್‌ಟಾಪ್ ಮುಚ್ಚಿ ಅವಳ ಜೊತೆ ನೆಲದ ಮೇಲೆ ಕೂರ್ತೀನಿ. "ಎರಡು ನಿಮಿಷ" ಅನ್ನೋದನ್ನು ಬಿಟ್ಟೆ. 17 ತಿಂಗಳ ಮಗುವಿಗೆ ನಿಮಿಷ ಗೊತ್ತಿಲ್ಲ, ನನಗೂ ಆ ಎರಡು ನಿಮಿಷ ಯಾವತ್ತೂ ಎರಡು ನಿಮಿಷ ಆಗಿರಲಿಲ್ಲ.

ಎರಡನೆಯದು ಊಟ. ಬಟ್ಟಲಿಗೆ ಮೂರು ತುತ್ತಿನಷ್ಟೇ ಹಾಕೋದು, ಬೇಕಾದರೆ ಮತ್ತೆ ಹಾಕೋದು. ಲೋಟದಲ್ಲಿ ಎರಡೇ ಗುಟುಕು ನೀರು. ಎರಡು ಕೈ ಆಡಿಸಿ "ಸಾಕು" ಅನ್ನೋ ಸನ್ನೆ ಹೇಳಿಕೊಟ್ಟೆವು. ಬಟ್ಟಲಿನ ಮೇಲೆ ಕೈ ಹೋದರೆ "ಸಾಕಾ ಪುಟ್ಟಿ?" ಅಂತ ಕೇಳಿ, ಬಟ್ಟಲು ತೆಗೆದು, ಕೈ ತೊಳೆಸಿ ಇಳಿಸಿಬಿಡೋದು. ಅದು ಶಿಕ್ಷೆ ಅಲ್ಲ, ಊಟ ಮುಗೀತು ಅಷ್ಟೇ. ಹಸಿವಾದರೆ ಮುಂದಿನ ಹೊತ್ತಿಗೆ ತಿನ್ನುತ್ತಾಳೆ. ಇಲ್ಲಿ ಅಮ್ಮನಿಗೂ ನನಗೂ ದೊಡ್ಡ ಜಗಳವೇ ಆಯ್ತು. "ಮಗು ಅರೆಹೊಟ್ಟೆಲಿ ಎದ್ರೆ ನಂಗೆ ಅನ್ನ ಇಳಿಯಲ್ಲ" ಅಂದಳು. ಒಂದು ವಾರ ನೋಡೋಣ ಅಂತ ಒಪ್ಪಿಸಿದೆ. ವಾರದಲ್ಲಿ ಪುಟ್ಟಿ ಸೊರಗಲಿಲ್ಲ, ಅಮ್ಮನೂ ಸುಮ್ಮನಾದಳು.

ಮೂರನೆಯದು ಮಾತು. "ಎಸೀಬೇಡ ಅಂತ ಎಷ್ಟ್ ಸಲ ಹೇಳೋದು" ಅನ್ನೋ ಭಾಷಣ ಬಿಟ್ಟು ಎರಡು ಪದ. "ಕೆಳಗಿಡು." "ಬುಟ್ಟಿಗೆ ಹಾಕು." ಬೇಡ ಅನ್ನೋದು ಏನು ಮಾಡಬಾರದು ಅಂತ ಹೇಳುತ್ತೆ, ಅದರ ಬದಲು ಏನು ಮಾಡಬೇಕು ಅಂತ ಹೇಳಲ್ಲ. ಎಸೆದಿದ್ದನ್ನು ಅವಳ ಕೈ ಹಿಡಿದು ಇಬ್ಬರೂ ಸೇರಿ ಎತ್ತಿಡ್ತೀವಿ. ಒಬ್ಬರು ಗದರಿ, ಇನ್ನೊಬ್ಬರು ನಗೋ ಹಾಗಿಲ್ಲ. ಒಂದು ಭಾನುವಾರ ಭಾವಮೈದ ಬಂದು, ಅವಳು ಚಪ್ಪಲಿ ಎಸೆದಾಗ "ಬೌಲಿಂಗ್ ಸೂಪರ್" ಅಂತ ಚಪ್ಪಾಳೆ ತಟ್ಟಿದ. ಹತ್ತು ದಿನದ ಶ್ರಮ ಹತ್ತು ನಿಮಿಷದಲ್ಲಿ ಹೋಯ್ತು.

ನಾಲ್ಕನೆಯದು ಅಮ್ಮನ ಕೊಡುಗೆ. ಹಳೇ ಕಾಟನ್ ಸೀರೆ ಹರಿದು, ಸುತ್ತಿ, ಮೇಲೆ ಹೊಲಿಗೆ ಹಾಕಿ ಮೂರು ಬಟ್ಟೆ ಚೆಂಡು ಮಾಡಿದಳು. ಹಾಲ್‌ನ ಮೂಲೆಗೆ ನನ್ನ ಯೋಗ ಮ್ಯಾಟ್, ಅದರ ಮೇಲೆ ಒಂದು ಪ್ಲಾಸ್ಟಿಕ್ ಬಕೆಟ್. "ಎಸೆಯೋ ಹಾಗಾಯ್ತಾ? ಇಲ್ಲಿ ಎಸಿ." ಮೊದಲ ದಿನ ಪುಟ್ಟಿ ಮೂರೂ ಚೆಂಡು ಎಸೆದು, ಆಮೇಲೆ ಬಕೆಟ್ಟನ್ನೇ ಎಸೆದಳು. ನಾಲ್ಕನೇ ದಿನ ಒಂದು ಚೆಂಡು ಒಳಗೆ ಬಿತ್ತು. ಅವಳೂ ಅಜ್ಜಿಯೂ ಕೂಗಿಕೊಂಡ ರೀತಿಗೆ ಕೆಳಗಿನ ಆಂಟಿ ಮೇಲೆ ಬಂದರು. ನಾನು ಕ್ಷಮೆ ಕೇಳೋಕೆ ಬಾಯಿ ತೆರೆಯೋದರೊಳಗೆ "ಸಂಜೆ ಹೊತ್ತು ಕೆಳಗೆ ಕರ್ಕೊಂಡು ಬನ್ನಿ, ಅಂಗಳದಲ್ಲಿ ಎಸೀಲಿ, ಅಂಕಲ್‌ಗೂ ಹೊತ್ತು ಹೋಗುತ್ತೆ" ಅಂದರು. ಈಗ ದಿನಾ ಐದಕ್ಕೆ ಅಂಕಲ್ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಚೆಂಡು ಎತ್ತಿಕೊಡೋ ಕೆಲಸ ಅಮ್ಮನದು.

ಜಾಗ್ರತೆಗೆ ಎರಡು ಮಾತು

ಎಸೆಯೋ ವಯಸ್ಸಿನ ಮಗುವಿರೋ ಮನೆಯಲ್ಲಿ ಗಾಜು, ಭಾರದ ಸ್ಟೀಲು, ಚೂಪಾದ್ದು ಎಟುಕದ ಎತ್ತರಕ್ಕೆ ಹೋಗಲಿ. ಮುಖ್ಯವಾಗಿ ರಿಮೋಟ್, ಕಾರಿನ ಕೀ, ಲೈಟು ಹೊತ್ತಿಕೊಳ್ಳೋ ಆಟಿಕೆಗಳು. ಇವು ನೆಲಕ್ಕೆ ಬಿದ್ದು ಮುಚ್ಚಳ ತೆರೆದುಕೊಂಡರೆ ಒಳಗಿನ ಬಟನ್ ಬ್ಯಾಟರಿ ಹೊರಗೆ ಬರುತ್ತೆ. ನುಂಗಿದ ಬಟನ್ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಗಂಭೀರವಾಗಿ ಸುಡಬಹುದು. ನುಂಗಿರಬಹುದು ಅನ್ನೋ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ಸೀದಾ ಆಸ್ಪತ್ರೆಗೆ ಹೊರಡಿ. ನಮ್ಮ ಮನೆಯಲ್ಲಿ ಸ್ಕ್ರೂ ಇಲ್ಲದ ರಿಮೋಟ್‌ಗಳ ಹಿಂಭಾಗಕ್ಕೆ ಗಟ್ಟಿ ಟೇಪ್ ಸುತ್ತಿದ್ದೀವಿ.

ಇನ್ನೊಂದು. ಒಂದರಿಂದ ಎರಡು ವರ್ಷದ ನಡುವೆ ಎಸೆಯೋದು ಬಹುತೇಕ ಎಲ್ಲ ಮಕ್ಕಳಲ್ಲೂ ಇರುತ್ತೆ. ಆದರೆ ಒಂದೂವರೆ ವರ್ಷವಾದರೂ ಬೇಕಾದ್ದನ್ನು ಬೆರಳಿಟ್ಟು ತೋರಿಸದಿದ್ದರೆ, ಹೆಸರು ಕರೆದರೆ ತಿರುಗಿ ನೋಡದಿದ್ದರೆ, ಒಂದೂ ಪದ ಬಾರದಿದ್ದರೆ ಮಕ್ಕಳ ಡಾಕ್ಟರಿಗೆ ಹೇಳಿ. ಎಸೆಯೋ ಕಾರಣಕ್ಕಲ್ಲ, ಈ ಕಾರಣಕ್ಕೆ. "ನಮ್ಮಣ್ಣನ ಮಗನೂ ತಡವಾಗೇ ಮಾತಾಡಿದ್ದು" ಅನ್ನೋ ಸಮಾಧಾನಕ್ಕೆ ಕಾಯಬೇಡಿ.

ಈಗ ಹೇಗಿದೆ?

ಐದು ವಾರ ಆಯ್ತು. ಎಸೆಯೋದು ನಿಂತಿಲ್ಲ. ನಿನ್ನೆ ಬೆಳಗ್ಗೆಯೇ ದೋಸೆ ಹಾರಿ ಬಂತು. ಆದರೆ ಕಳೆದ ವಾರ ಒಂದು ದಿನ ಕುತೂಹಲಕ್ಕೆ ಮತ್ತೆ ಎಣಿಸಿದೆ. ಐದು ಸಲ. ಅದರಲ್ಲಿ ಒಂದು ಮಾತ್ರ ನಾನು ಕಾಲ್‌ನಲ್ಲಿದ್ದಾಗ.

ಹೊಡೆದಿದ್ದರ ಬಗ್ಗೆ ಅಮ್ಮ ಈಗಲೂ ತನ್ನ ಮಾತು ಬಿಟ್ಟಿಲ್ಲ, ನಾನೂ ವಾದ ಬೆಳೆಸಿಲ್ಲ. ಆದರೆ ಮೊನ್ನೆ ಪುಟ್ಟಿ ಗೊಂಬೆಗೆ "ಏಯ್" ಅಂದಾಗ ಅಮ್ಮ ಪಕ್ಕ ಹೋಗಿ ಕೂತು, ಅವಳ ಕೈ ಹಿಡಿದು ಗೊಂಬೆಯ ತಲೆ ಸವರಿಸಿದಳು. "ಹೊಡೀಬಾರ್ದು ಕಣೇ, ಪಾಪ" ಅಂದಳು. ನಾನು ಕೇಳಿಸಿಕೊಂಡಿದ್ದು ಅವಳಿಗೆ ಗೊತ್ತಾಗಲಿಲ್ಲ.

ಆ ಬುಧವಾರದ ರಾತ್ರಿ ಮಲಗಿದ್ದ ಪುಟ್ಟಿಯ ಪಕ್ಕ ಕೂತು "ಅಪ್ಪ ತಪ್ಪು ಮಾಡಿದ" ಅಂದಿದ್ದೆ. ಅದು ನನಗೆ ಹೇಳಿಕೊಂಡಿದ್ದೇ ಹೊರತು ಅವಳಿಗೆ ತಲುಪಿರಲಾರದು. ಆಮೇಲೆ ಎಚ್ಚರ ಇದ್ದಾಗಲೂ ಹೇಳಿದೆ. ಅವಳು ನನ್ನ ಮೂಗು ಹಿಡಿದು ನಕ್ಕಳು. ಅರ್ಥ ಆಯ್ತೋ ಇಲ್ವೋ.

ಒಂದು ಮಾತ್ರ ಉಳಿದುಕೊಂಡಿದೆ. ಅವಳ ಕೈಯಿಂದ ಏನಾದರೂ ಬಿದ್ದಾಗ ನಾನು ಕುರ್ಚಿಯಿಂದ ಸರಕ್ಕನೆ ಎದ್ದರೆ, ಪುಟ್ಟಿ ಒಂದು ಕ್ಷಣ ನಿಂತು ನನ್ನ ಬಲಗೈ ನೋಡುತ್ತಾಳೆ.

ಅದಕ್ಕೇ ಈಗ ನಿಧಾನಕ್ಕೆ ಏಳ್ತೀನಿ.